ಅಕ್ಕ ಕಟ್ಟದ ಕೊನೆಯ ಫೀಸು

ತಮ್ಮನ ನಿಶ್ಚಿತಾರ್ಥದ ಊಟಕ್ಕೆ ಪಾಯಸ ಬಡಿಸುತ್ತಿದ್ದ ಸುನಿತಾಳ ಕೈ ಹಿಡಿದು, ಹುಡುಗಿಯ ಸೋದರತ್ತೆ ಸರಸಮ್ಮ ಕನಿಕರದಿಂದ ಕೇಳಿದರು.

"ಈಗ ಫಿಟ್ಸ್ ಬರೋದು ನಿಂತೈತೇನಮ್ಮ?"

ಸುನಿತಾಳಿಗೆ ಒಂದು ದಿನವೂ ಫಿಟ್ಸ್ ಬಂದಿರಲಿಲ್ಲ. ಮೆಲ್ಲಗೆ ವಿಚಾರಿಸಿದಾಗ ಗೊತ್ತಾಯಿತು. ಮೂವತ್ತನಾಲ್ಕಾದರೂ ಅಕ್ಕನಿಗೆ ಯಾಕೆ ಮದುವೆಯಾಗಿಲ್ಲ ಎಂದು ಮಧುಗಿರಿಯ ಬೀಗರು ಕೇಳಿದ್ದಕ್ಕೆ ತಮ್ಮ ರಂಗನಾಥನೇ ಹಾಗೆ ಹೇಳಿದ್ದ.

"ವಾಸಿಯಾಗೈತೆ" ಎಂದು ಅವಳು ಮುಂದಿನ ಎಲೆಗೆ ಹೋದಳು. ಅಡುಗೆಮನೆಗೆ ಬಂದು ಪಾಯಸದ ಪಾತ್ರೆ ಕೆಳಗಿಟ್ಟವಳು ಮತ್ತೆ ಬಡಿಸಲು ಹೋಗಲಿಲ್ಲ...

ಅಪ್ಪ ಓಬಳಯ್ಯ ತೀರಿಕೊಂಡಾಗ ರಂಗನಾಥ ಪಿಯುಸಿಯಲ್ಲಿದ್ದ. ಪೈಲಟ್ ಆಗಲೇಬೇಕೆಂದು ಹಟ ಹಿಡಿದು ಊಟ ಬಿಟ್ಟವನನ್ನು ಎಬ್ಬಿಸಿ ಉಣ್ಣಿಸಿದವಳು ಹುಲಿಕುಂಟೆ ಶಾಲೆಯ ಟೀಚರ್ ಸುನಿತಾ. ಸಂಬಳದ ಮೇಲೆ ಸಾಲ ತೆಗೆದಳು. ವಿಮಾನ ಹಾರಿಸುವ ಗಂಟೆಗಿಷ್ಟು ಎಂದು ತರಬೇತಿಯವರು ಕೇಳಿದಾಗಲೆಲ್ಲ ಕಟ್ಟಿದಳು. ಪಾವಗಡದ ಪ್ರಭುದೇವ್ ಅವಳನ್ನು ಮೆಚ್ಚಿ ಎರಡು ವರ್ಷ ಕಾದರು. ತಮ್ಮನ ಓದು ಮುಗಿಯುವವರೆಗೂ ನನ್ನ ಸಂಬಳ ನಮ್ಮನೆಗೇ ಬೇಕು ಎಂದು ಅವರನ್ನೂ ಕಳಿಸಿಬಿಟ್ಟಳು. ಈಗ ಅವನಿಗೆ ಲೈಸೆನ್ಸ್ ಬಂದಿತ್ತು. ಕಂಪನಿಯ ದೊಡ್ಡ ವಿಮಾನ ಕಲಿಯುವ ಕೊನೆಯ ತರಬೇತಿಯೊಂದೇ ಬಾಕಿ. ಅದಕ್ಕೆಂದು ಶಿರಾದಲ್ಲಿ ತನ್ನ ಹೆಸರಿನಲ್ಲಿದ್ದ ಸೈಟನ್ನೂ ಮಾರಿ, ಹಣವನ್ನು ಬ್ಯಾಂಕಿನಲ್ಲಿಟ್ಟಿದ್ದಳು.

ನಿಶ್ಚಿತಾರ್ಥದ ಮರುದಿನ ಬೆಳಿಗ್ಗೆ ಅವಳು ಕೇಳಿದಾಗ ರಂಗನಾಥ ಅಲ್ಲಗಳೆಯಲಿಲ್ಲ.

"ಇನ್ನೇನ್ ಹೇಳ್ಲಿ ಅಕ್ಕ? ಹೆಂಗಸಿನ ಸಂಬಳದಲ್ಲಿ ಓದ್ದೆ ಅಂದ್ರೆ ನನ್ ಮರ್ಯಾದೆ ಉಳಿತಿತ್ತಾ? ಅಪ್ಪ ಇಟ್ಟೋದ ದುಡ್ಡಲ್ಲಿ ಓದ್ದೆ ಅಂದಿದೀನಿ."

"ಅದೇ ಜನರ ಮುಂದೆ ನಿಂತು ನಿಜ ಹೇಳು. ಹೇಳಿದ ದಿನ ಫೀಸು ಕಟ್ತೀನಿ."

ತಾಯಿ ಈಶ್ವರಮ್ಮ ನಡುವೆ ಬಂದರು. "ಒಂದ್ ಮಾತಿಗೆ ಅವನ ಬದುಕು ಕೆಡಿಸ್ತೀಯೇನೇ? ನುಂಗ್ಕೊಂಬುಡು."

"ಎಂಟು ವರ್ಷ ಎಲ್ಲಾನೂ ನುಂಗಿದೀನಿ ಕಣಮ್ಮ. ಇದು ಇಳಿಯಲ್ಲ."

ರಂಗನಾಥ ಮಾವನಾಗುವ ಮೂಡಲಗಿರಿಯಪ್ಪನವರ ಹತ್ತಿರ ಹೋದ. ಅಪ್ಪನ ದುಡ್ಡನ್ನು ಅಕ್ಕ ಹಿಡಿದುಕೊಂಡಿದ್ದಾಳೆ, ಈ ಸಲ ನೀವೇ ಕಟ್ಟಿ ಎಂದ. ನ್ಯಾಯ ಕೇಳಲೆಂದು ಅವರು ಮಗಳು ತೇಜಸ್ವಿನಿಯನ್ನು ಕರೆದುಕೊಂಡು ಮರುದಿನವೇ ಶಿರಾದ ಇವರ ಮನೆಗೆ ಬಂದರು. ಸುನಿತಾ ವಾದ ಮಾಡಲಿಲ್ಲ. ಸಾಲದ ಕಾಗದ, ತರಬೇತಿಯ ರಸೀದಿಗಳನ್ನು ತಂದು ಅವರ ಮುಂದಿಟ್ಟಳು. ಎಲ್ಲದರಲ್ಲೂ ಅವಳದೇ ಹೆಸರು. ಕಾಯಿಲೆಯ ಮಾತೂ ಸುಳ್ಳೇ ಎಂದು ತೇಜಸ್ವಿನಿ ಕೇಳಿದಳು. ಸುನಿತಾ ಹೌದೆಂದು ತಲೆಯಾಡಿಸಿದಳು.

ಮೂಡಲಗಿರಿಯಪ್ಪ ಕನ್ನಡಕ ತೆಗೆದು ಈಶ್ವರಮ್ಮನ ಕಡೆ ತಿರುಗಿದರು. "ಅನ್ನ ಹಾಕಿದೋಳಿಗೇ ರೋಗ ಅಂಟಿಸಿದೋನಿಗೆ ಮಗಳನ್ನ ಹೆಂಗೆ ಕೊಡ್ಲಿ ತಾಯಿ?"

ತೇಜಸ್ವಿನಿ ಉಂಗುರವನ್ನು ಬಿಚ್ಚಿಟ್ಟು ಅಪ್ಪನ ಹಿಂದೆ ಹೊರಟಳು. ಗೋಡೆಗೊರಗಿ ನಿಂತಿದ್ದ ತಮ್ಮನ ಮುಖ ನೋಡುತ್ತ ಸುನಿತಾಳಿಗೆ ಎದೆ ತಂಪಾಯಿತು. ಹಾಗನ್ನಿಸಿದ್ದಕ್ಕೆ ಅವಳು ನಾಚಲಿಲ್ಲ.

ಫೀಸು ಕಟ್ಟುವ ಕೊನೆಯ ದಿನ ಅವನು ಕಾಲು ಹಿಡಿದು ಅತ್ತ. ತಪ್ಪಾಯ್ತು ಅಕ್ಕ... ಈಗ ಎಲ್ಲಿ ಬೇಕಾದರೂ ಹೇಳುತ್ತೇನೆ ಎಂದ. ಬ್ಯಾಂಕು ಮುಚ್ಚಲು ಇನ್ನೂ ಎರಡು ಗಂಟೆಯಿತ್ತು. ಅವಳು ಮನಸ್ಸು ಮಾಡಿದ್ದರೆ ಕಟ್ಟಬಹುದಿತ್ತು.

ಸುನಿತಾ ಕಾಲು ಹಿಂದಕ್ಕೆಳೆದುಕೊಂಡಳು. "ನಿನಗೆ ಬೇಕಾಗಿರೋದು ದುಡ್ಡು ಕಣೋ, ನಾನಲ್ಲ. ನಂಗೂ ನೀನು ಬೇಡ."

ಆ ಹಣದಿಂದ ಅವಳು ತನ್ನ ಸಾಲ ತೀರಿಸಿದಳು. ರಂಗನಾಥ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಟಿಕೆಟ್ ನೋಡುವ ಕೆಲಸಕ್ಕೆ ಸೇರಿದ. ಅವನಿಗೆ ಬೇಯಿಸಿ ಹಾಕಲು ಈಶ್ವರಮ್ಮ ಹೊರಟು ನಿಂತರು. ಶಿರಾ ಬಸ್ ನಿಲ್ದಾಣದವರೆಗೆ ಸುನಿತಾಳೇ ಅವರ ಚೀಲ ಹೊತ್ತು ತಂದಳು.

ಬಸ್ಸು ಹತ್ತುವ ಮುಂಚೆ ತಾಯಿ ಕೇಳಿದರು. "ಸೇಡು ತೀರ್ತಾ?"

"ತೀರ್ತಮ್ಮ."

ಅವಳು ಸುಳ್ಳು ಹೇಳಲಿಲ್ಲ. ಆದರೆ ಅದರೊಟ್ಟಿಗೆ ಅಮ್ಮನೂ ಹೋಗುತ್ತಾಳೆಂದು ಮಾತ್ರ ಎಣಿಸಿರಲಿಲ್ಲ... ಈಶ್ವರಮ್ಮ ಕಿಟಕಿಯ ಪಕ್ಕ ಕೂತರೂ ಹೊರಗೆ ನೋಡಲಿಲ್ಲ. ಬಸ್ಸು ಹೊರಟುಹೋಯಿತು. ಸುನಿತಾ ಕಣ್ಣೊರೆಸಿಕೊಂಡು, ಶಾಲೆಗೆ ಹೊತ್ತಾಯಿತೆಂದು ಹುಲಿಕುಂಟೆಯ ಬಸ್ಸು ನಿಲ್ಲುವ ಕಡೆಗೆ ನಡೆದಳು.