ಒಂದು ಗೇಣು ಕಡಿಮೆಯಾದ ಪರದೆ

ಲೈಬ್ರರಿ ಮೇಡಂ ರಸ್ತೆ ದಾಟುವುದು ಕಂಡದ್ದೇ ತಡ, ದರ್ಜಿ ಕತ್ತರಿ ಕೆಳಗಿಟ್ಟು ಕಟಿಂಗ್ ಟೇಬಲ್ಲಿನ ಅಡಿಗೆ ನುಗ್ಗಿ ಕೂತ. ಮೂವತ್ನಾಲ್ಕು ವರ್ಷದ ಆರಡಿ ಆಳು ಚಿಂದಿ ಬುಟ್ಟಿಯ ಪಕ್ಕ ಮೊಣಕಾಲನ್ನು ಗಲ್ಲಕ್ಕೆ ತಾಗಿಸಿಕೊಂಡು ಮುದುಡಿದ್ದನ್ನು ನೋಡಿ, ಗುಂಡಿ ಹಚ್ಚುತ್ತಿದ್ದ ಅವನ ಅಕ್ಕ ಹಣೆ ಚಚ್ಚಿಕೊಂಡಳು.

"ಇಲ್ಲ ಅಂತ ಹೇಳಕ್ಕ," ಎಂದು ಪಿಸುಗುಟ್ಟಿದ.

"ನಿನಗೆ ನಾಚಿಕೆ ಆಗಲ್ವೇನೋ?"

ಆಗುತ್ತಿತ್ತು. ನಾಚಿಕೆಯಾಗುತ್ತಿದ್ದುದರಿಂದಲೇ ಅಲ್ಲಿ ಕೂತಿದ್ದ.

ಮೇಡಂ ಒಳಗೆ ಬಂದರು. ಟೇಬಲ್ಲಿನ ಅಡಿಯಿಂದ ಅವನಿಗೆ ಕಂಡದ್ದು ಅವರ ಚಪ್ಪಲಿ ಮಾತ್ರ. ಎಡಗಾಲಿನ ಪಟ್ಟಿ ಕಿತ್ತುಹೋಗಿದ್ದಾಗ ಅದನ್ನು ಹೊಲಿದುಕೊಟ್ಟವನು ಅವನೇ.

"ಟೇಲರ್ ಇಲ್ವಾ?"

"ಹೊರಗೆ ಹೋಗಿದಾನೆ ಮೇಡಂ," ಎಂದಳು ಅಕ್ಕ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಅವಳು ಫ್ಯಾನಿನ ಕಡೆ ನೋಡಿಕೊಂಡು ಹೇಳಿದಳು.

"ಭಾನುವಾರ ಅಪ್ಪ ಬರ್ತಿದಾರೆ. ಅಷ್ಟರೊಳಗೆ ಅಮ್ಮನ ಪರದೆ ಒಂದು ಸಿಕ್ಕಿದ್ರೆ ಸಾಕು ಅಂತ ಹೇಳಿ. ದಿಂಬಿನ ಕವರ್ ಎಲ್ಲ ಆಮೇಲೆ ಕೊಟ್ಟರೂ ನಡೆಯುತ್ತೆ." ಚಪ್ಪಲಿಗಳು ಬಾಗಿಲ ಕಡೆ ತಿರುಗಿದವು, ಮತ್ತೆ ನಿಂತವು. "ಟೇಪು ಕೆಳಗೆ ಬಿದ್ದಿದೆ ನೋಡಿ. ಯಾರಾದ್ರೂ ತುಳಿದಾರು."

ಅವರು ಬಗ್ಗಿ ಟೇಪಿನ ತುದಿ ಎತ್ತಿ ಟೇಬಲ್ಲಿನ ಮೇಲಿಟ್ಟರು. ಅದರ ಉಳಿದ ಭಾಗ ದರ್ಜಿಯ ಕೊರಳಲ್ಲಿತ್ತು. ಕುತ್ತಿಗೆ ಮೆಲ್ಲಗೆ ಜಗ್ಗಿತು. ಮೇಡಂ ಮೆಟ್ಟಿಲಿಳಿದು ಹೋದರು.

ಭೂಮಿ ಬಾಯಿಬಿಟ್ಟಿದ್ದರೆ ದರ್ಜಿ ಟೇಪಿನ ಸಮೇತ ಒಳಗೆ ಹೋಗುತ್ತಿದ್ದ.

ಮೂರು ವಾರದ ಹಿಂದೆ ಇದೇ ಮೇಡಂ ಅವನನ್ನು ಕಿಟಕಿಯ ಅಳತೆಗೆಂದು ಮನೆಗೆ ಕರೆದಿದ್ದರು. ಮೇಲಂತಸ್ತಿನ ಎರಡು ಕೋಣೆಯ ಬಾಡಿಗೆ ಮನೆ. ಗೋಡೆಗೆ ಮೊಳೆ ಹೊಡೆಯಕೂಡದೆಂದು ಓನರ್ ಕಟ್ಟಪ್ಪಣೆ ಮಾಡಿದ್ದರು. ಅಮ್ಮ ತೀರಿಹೋಗಿ ವರ್ಷವಾಗಿತ್ತು, ಅಪ್ಪ ಇನ್ನು ಮಗಳ ಜೊತೆ ಇರಲು ಒಪ್ಪಿದ್ದರು. ಅವರು ಬಂದು ಕೂತ ಗಳಿಗೆಯಲ್ಲೇ ಇದು ಪರರ ಮನೆ ಅನ್ನಿಸಬಾರದು ಎನ್ನುವುದೊಂದೇ ಮೇಡಂ ತಲೆಯಲ್ಲಿ ಕೂತಿತ್ತು.

ಹೊಸದೆಂದು ಕೊಂಡದ್ದು ಆ ಮನೆಯಲ್ಲಿ ಹೆಚ್ಚೇನೂ ಇರಲಿಲ್ಲ. ಹಣ್ಣಿನ ಅಂಗಡಿಯವರು ಎಸೆಯಲಿಟ್ಟಿದ್ದ ಮರದ ಪೆಟ್ಟಿಗೆಗಳನ್ನು ತಂದು, ಸ್ಯಾಂಡ್‌ಪೇಪರ್ ಹಾಕಿ ಉಜ್ಜಿ, ಒಂದರ ಮೇಲೊಂದಿಟ್ಟು ಪುಸ್ತಕದ ಕಪಾಟು ಮಾಡಿದ್ದರು. ಹಳೆಯ ಏಣಿಯೊಂದು ಗೋಡೆಗೊರಗಿ ನಿಂತು ಹೊದಿಕೆಗಳನ್ನು ಹೊತ್ತಿತ್ತು. ಜಾಮ್ ಬಾಟಲಿಗಳು ಸಾಲಾಗಿ ಕೂತಿದ್ದವು, ಪ್ರತಿಯೊಂದಕ್ಕೂ ಒಂದು ಚೀಟಿ: ಚಮಚ. ಸೂಜಿ ದಾರ. ಯಾವುದರದೋ ಗೊತ್ತಿಲ್ಲದ ಸ್ಕ್ರೂ.

"ಎಲ್ಲದಕ್ಕೂ ಚೀಟಿ ಅಂಟಿಸ್ತೀರಲ್ಲ, ಮನೆಗೆ ಬಂದವರಿಗೂ ಅಂಟಿಸ್ತೀರಾ?" ಎಂದು ಕೇಳಿದ್ದ ದರ್ಜಿ.

ಮೇಡಂ ಟೇಪಿನ ಇನ್ನೊಂದು ತುದಿ ಹಿಡಿದು ಕಿಟಕಿಯ ಆಚೆ ಬದಿಗೆ ನಿಂತಿದ್ದರು. "ಅವರನ್ನ ಎಲ್ಲಿಡಬೇಕು ಅಂತ ಗೊತ್ತಾದ್ಮೇಲೆ," ಎಂದರು. ಹೇಳಿ, ತುಟಿಯ ಒಂದು ಮೂಲೆಯಲ್ಲಷ್ಟೇ ನಕ್ಕರು. ಆ ಕಿಟಕಿಯನ್ನು ದರ್ಜಿ ಆ ದಿನ ಮೂರು ಸಲ ಅಳೆದ. ಮೂರು ಸಲವೂ ಬೇರೆ ಬೇರೆ ಲೆಕ್ಕ ಬಂತು.

ಅವನು ಹೊರಡುವಾಗ ಮೇಡಂ ಹಳೆಬಟ್ಟೆಯ ಗಂಟು ಕೊಟ್ಟರು. ಪ್ರತಿ ಬಟ್ಟೆಗೂ ಪಿನ್ನು ಚುಚ್ಚಿದ ಚೀಟಿ, ನೀಲಿ ಸ್ಕೆಚ್ ಪೆನ್ನಿನ ದುಂಡಗಿನ ಅಕ್ಷರ. ಹಳೆ ಬೆಡ್‌ಶೀಟು ದಿಂಬಿನ ಕವರಿಗೆ, ಸವೆದ ಟವೆಲ್ಲು ಕಾಲೊರೆಸಿಗೆ, ಹೀಗೆ. ತಳದಲ್ಲಿ ಹಳದಿ ಹೂವಿನ ಒಂದು ಪರದೆ ಇತ್ತು. ಬಿಸಿಲಿಗೆ ಬಣ್ಣ ಇಳಿದಿತ್ತು, ಅಂಚು ಬಿಚ್ಚಿಹೋಗಿತ್ತು.

ಇಸ್ತ್ರಿಗೆ ಮುಂಚೆ ಬಟ್ಟೆಗೆ ಕೈತುಂಬ ನೀರು ಚಿಮುಕಿಸುವುದು ದರ್ಜಿಯ ಅಭ್ಯಾಸ. ಅಂದೂ ಚಿಮುಕಿಸಿದ. ಆಮೇಲೆ ಚೀಟಿ ನೋಡಿದರೆ "ಕತ್ತರಿಸಬೇ" ಅಂತಿತ್ತು, ಅದರ ಮುಂದೆ ಒಂದು ನೀಲಿ ಕಲೆ.

ಬೇಕೋ, ಬೇಡವೋ? ಫೋನೆತ್ತಿದ. ಮೇಡಂ ನಂಬರು ತೆಗೆದ. ಫೋನ್ ಕೆಳಗಿಟ್ಟ. ಇಷ್ಟು ಹಳತಾದದ್ದು ಕಾಲೊರೆಸಿಗೇ ಇರಬೇಕು ಅಂದುಕೊಂಡ. ಅಳಿಸಿದ ಅಕ್ಷರವನ್ನು ತನಗೆ ಸುಲಭವಾಗುವ ಹಾಗೆ ತುಂಬಿಕೊಂಡು, ಪರದೆಯನ್ನು ಉದ್ದುದ್ದಕ್ಕೆ ಪಟ್ಟಿ ಪಟ್ಟಿಯಾಗಿ ಕತ್ತರಿಸಿದ. ಹದಿನೆಂಟು ಪಟ್ಟಿ.

ಕೊನೆಯ ಪಟ್ಟಿ ಕತ್ತರಿಸುತ್ತಿದ್ದಾಗ ಮೇಡಂ ಅವರಾಗೇ ಫೋನ್ ಮಾಡಿದರು.

"ಆ ಹಳದಿ ಪರದೆ ಅಮ್ಮ ಹೊಲಿದದ್ದು. ಅಪ್ಪ ಅದರ ಪಕ್ಕದಲ್ಲೇ ಕೂತು ಪೇಪರ್ ಓದ್ತಿದ್ರು. ಕತ್ತರಿ ತಾಗಿಸಬೇಡಿ, ಅಂಚು ಮಾತ್ರ ಹೊಲಿಯಿರಿ. ಚೀಟಿ ನೋಡಿದ್ರಲ್ಲ?"

ಬಟ್ಟೆ ಇನ್ನೂ ದರ್ಜಿಯ ಕತ್ತರಿಯ ಬಾಯಲ್ಲೇ ಇತ್ತು.

"ನೋಡಿದೆ ಮೇಡಂ. ಭದ್ರವಾಗಿದೆ," ಎಂದ.

ಬಟ್ಟೆ ಕತ್ತರಿಸಿದ್ದು ತಪ್ಪು. ಈ ಎರಡು ಮಾತು ಅದಕ್ಕಿಂತ ದೊಡ್ಡ ತಪ್ಪು. ಅಂದಿನಿಂದ ಅವನಿಗೆ ಕನ್ನಡಿ ಮುಂದೆ ಗಡ್ಡ ಹೆರೆದುಕೊಳ್ಳುವುದೂ ಕಷ್ಟವಾಯಿತು. ಲೈಬ್ರರಿ ಇರುವ ಬೀದಿ ಬಿಟ್ಟು ಬಳಸುದಾರಿಯಲ್ಲಿ ಓಡಾಡಿದ. ಟೇಬಲ್ಲಿನ ಅಡಿಗೆ ನುಗ್ಗುವುದೊಂದು ಬಾಕಿಯಿತ್ತು, ಅದೂ ಈಗ ಆಯಿತು.

"ಹೊರಗೆ ಬಾ," ಎಂದಳು ಅಕ್ಕ. "ಆಕೆ ನಿನ್ನ ನೋಡಿದ್ಲು. ನೋಡಿಯೂ ನಿನ್ನ ಮರ್ಯಾದೆ ಉಳಿಸಿದ್ಲು. ಇನ್ನಾದ್ರೂ ಮುಖ ತೋರಿಸೋ."

ದರ್ಜಿ ಹೊರಬಂದು ಅಂಗಡಿಯ ಶಟರ್ ಅರ್ಧ ಎಳೆದ. ಹದಿನೆಂಟು ಪಟ್ಟಿಗಳನ್ನು ಟೇಬಲ್ಲಿನ ಮೇಲೆ ಹರಡಿ, ಯಾವ ಅರ್ಧ ಹೂವು ಯಾವ ಅರ್ಧ ಹೂವಿನ ಪಕ್ಕದ್ದೆಂದು ಹುಡುಕಿ ಜೋಡಿಸಿ, ಒಂದೊಂದಾಗಿ ಹೊಲಿಯತೊಡಗಿದ. ಎರಡು ಕಡೆ ದಾರ ಅಂಕುಡೊಂಕಾಯಿತು, ಬಿಚ್ಚಿ ಮತ್ತೆ ಹೊಲಿದ. ಅಕ್ಕ ಸೂಜಿಗೆ ದಾರ ಪೋಣಿಸಿಕೊಟ್ಟಳು.

ಶನಿವಾರ ಬೆಳಿಗ್ಗೆ ಮೇಡಂ ಬಾಗಿಲು ತೆರೆದಾಗ ಅವರ ಕೈಯಲ್ಲಿ ಪೊರಕೆ ಇತ್ತು, ಮೂಗಿನ ಮೇಲೆ ಧೂಳಿತ್ತು. ಬೇರೆ ದಿನವಾಗಿದ್ದರೆ ಆ ಧೂಳನ್ನು ದರ್ಜಿ ತಿಂಗಳುಗಟ್ಟಲೆ ನೆನೆಯುತ್ತಿದ್ದ. ಇವತ್ತು ತಲೆಯೆತ್ತಲೂ ಆಗಲಿಲ್ಲ.

"ಅಂತೂ ಹೊರಗಿಂದ ಬಂದ್ರಾ?" ಎಂದರು ಮೇಡಂ.

ಅವನು ಪರದೆಯನ್ನು ಬಿಡಿಸಿ ಹಿಡಿದ. ಮೇಲಿಂದ ಕೆಳಗಿನವರೆಗೆ ಹದಿನೇಳು ಹೊಲಿಗೆಗಳು. ಮೇಡಂ ಪೊರಕೆಯನ್ನು ಗೋಡೆಗೊರಗಿಸಿ ಹತ್ತಿರ ಬಂದು ಒಂದು ಹೊಲಿಗೆಯ ಮೇಲೆ ಬೆರಳಿಟ್ಟರು. ಮುಖದ ನಗು ಹೊರಟುಹೋಯಿತು.

"ಕತ್ತರಿಸಿಬಿಟ್ಟೆ," ಎಂದ ದರ್ಜಿ. "ಚೀಟಿಯ ಕೊನೆಯ ಅಕ್ಷರ ನೀರಿಗೆ ಅಳಿಸಿತ್ತು. ನನ್ನ ಕೈಯಿಂದ ಬಿದ್ದ ನೀರೇ. ಕೇಳಬಹುದಿತ್ತು, ಕೇಳಲಿಲ್ಲ. ಆಮೇಲೆ ಫೋನಲ್ಲಿ ಸುಳ್ಳು ಹೇಳಿದೆ."

"ಭದ್ರವಾಗಿದೆ ಅಂದ್ರಿ."

"ಹ್ಞೂಂ."

"ನಾನು ಅಪ್ಪನಿಗೂ ಹಾಗೇ ಹೇಳಿದೆ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಮೇಡಂ ಕಣ್ಣಲ್ಲಿ ನೀರು ತುಂಬಿತು. ದರ್ಜಿ ನೋಟ ಕೆಳಗಿಳಿಸಿ, ತಾನೇ ಹೊಲಿದುಕೊಟ್ಟಿದ್ದ ಆ ಚಪ್ಪಲಿಯನ್ನು ಬಾಗಿಲ ಬಳಿ ನೋಡುತ್ತ ನಿಂತ.

"ಯಾಕೆ ಕೇಳಲಿಲ್ಲ? ಒಂದು ಫೋನ್ ಮಾಡೋಕೇನಾಗಿತ್ತು?"

"ಫೋನ್ ಕೈಲಿ ಹಿಡಿದಿದ್ದೆ ಮೇಡಂ. ನಿಮ್ಮ ದನಿ ಕೇಳಿದ್ರೆ ಪರದೆ ವಿಷಯ ಬಿಟ್ಟು ಬೇರೆ ಏನಾದ್ರೂ ಬಾಯಿಂದ ಬಂದುಬಿಡುತ್ತೆ ಅಂತ ಹೆದರಿಕೆಯಾಯ್ತು." ಅವನ ಕಿವಿ ಕೆಂಪಾಯಿತು. "ಇದನ್ನ ಹೇಳಿ ತಪ್ಪಿಸಿಕೊಳ್ಳೋಕೆ ನೋಡ್ತಿಲ್ಲ. ಕೇಳಿದ್ರಿ, ಹೇಳಿದೆ. ಇನ್ನೊಂದು ವಿಷಯ. ಪ್ರತಿ ಹೊಲಿಗೆಯೂ ಚೂರು ಚೂರು ಬಟ್ಟೆ ತಿಂದಿದೆ, ಅಗಲ ಒಂದು ಗೇಣು ಕಡಿಮೆಯಾಗಿದೆ. ಅಮ್ಮನ ಬಟ್ಟೆಗೆ ಬೇರೆ ಬಟ್ಟೆ ಸೇರಿಸೋ ಹಕ್ಕು ನನಗಿಲ್ಲ ಅನ್ನಿಸ್ತು. ಹಾಗೇ ತಂದೆ."

ಮೇಡಂ ಪರದೆ ತೆಗೆದುಕೊಂಡರು. "ಸರಿ, ಹೋಗಿ," ಎಂದರು. ಬಾಗಿಲು ಹಾಕಿಕೊಂಡಿತು.

ವಾರ ಕಳೆಯಿತು. ದರ್ಜಿ ಯಾರದೋ ಪ್ಯಾಂಟಿಗೆ ಜೇಬು ಇಡುವುದನ್ನೇ ಮರೆತ. ಅಕ್ಕ ಒಂದು ಸಲವೂ ಛೇಡಿಸಲಿಲ್ಲ. ಅದು ಅವನನ್ನು ಇನ್ನಷ್ಟು ಕುಗ್ಗಿಸಿತು.

ಎಂಟನೆಯ ದಿನ ಬೆಳಿಗ್ಗೆ ಮೇಡಂ ರಸ್ತೆ ದಾಟಿದರು. ದರ್ಜಿಯ ಕಣ್ಣು ತಾನಾಗಿ ಟೇಬಲ್ಲಿನ ಅಡಿಗೆ ಹೋಯಿತು. ಕಾಲನ್ನು ನೆಲಕ್ಕೆ ಒತ್ತಿ ಹಿಡಿದು ನಿಂತುಕೊಂಡ. ಅಕ್ಕನಿಗೆ ಅದೇ ಗಳಿಗೆಯಲ್ಲಿ ಗುಂಡಿ ತರಲು ಹೊರಗೆ ಹೋಗಬೇಕಾಯಿತು, ಗುಂಡಿಯ ಡಬ್ಬಿ ತುಂಬಿ ತುಳುಕುತ್ತಿದ್ದರೂ.

ಮೇಡಂ ಹಳದಿ ಪರದೆಯನ್ನು ಟೇಬಲ್ಲಿನ ಮೇಲಿಟ್ಟರು.

"ಅಪ್ಪನಿಗೆ ಎಲ್ಲ ಹೇಳಿದೆ. ಅವರು ಒಂದೊಂದೇ ಹೊಲಿಗೆ ಮುಟ್ಟಿ ನೋಡಿ, ಹೂವು ಒಂದೂ ತಪ್ಪಿಲ್ವಲ್ಲ ಅಂದ್ರು. ಈಗ ಅದರ ಪಕ್ಕದಲ್ಲೇ ಕೂತು ಪೇಪರ್ ಓದ್ತಾರೆ. ಆದ್ರೆ ಆ ಒಂದು ಗೇಣಿನ ಸಂದಿಯಿಂದ ಬಿಸಿಲು ಸೀದಾ ಕಣ್ಣಿಗೆ ಬೀಳುತ್ತೆ ಅಂತ ದಿನಾ ಗೊಣಗಾಟ."

"ನಿಮಗೆ ಕೋಪ ಹೋಯ್ತಾ?"

"ಪೂರ್ತಿ ಹೋಗಿಲ್ಲ." ಮೇಡಂ ಅವನ ಕಣ್ಣನ್ನೇ ನೋಡಿದರು. "ಸುಳ್ಳು ಹೇಳಿದ್ದಕ್ಕೆ ಇನ್ನೂ ಇದೆ. ಅದು ನಿಧಾನಕ್ಕೆ ಹೋಗಬೇಕು."

ಅವನು ತಲೆಯಾಡಿಸಿದ. ಮೇಡಂ ಬ್ಯಾಗಿನಿಂದ ಚೀಟಿಯೊಂದನ್ನು ತೆಗೆದು ಪರದೆಗೆ ಪಿನ್ನು ಮಾಡಿ, ಅವನ ಕಡೆ ತಿರುಗಿಸಿದರು. ದುಂಡಗಿನ ನೀಲಿ ಅಕ್ಷರದಲ್ಲಿ "ಸೇರಿಸಿಕೊಳ್ಳಬೇ" ಅಂತಿತ್ತು. ಮುಂದಿನ ಜಾಗ ಖಾಲಿ.

"ಕೊನೆಯ ಅಕ್ಷರ ಇಲ್ಲ," ಎಂದ ದರ್ಜಿ.

"ಬೇಕಂತಲೇ ಬಿಟ್ಟಿದ್ದೀನಿ. ಈ ಸಲ ನೀವೇ ತುಂಬ್ಕೋಬೇಡಿ. ಬಾಯಿಬಿಟ್ಟು ಕೇಳಿ."

ಅವನು ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡ, ಬಿಚ್ಚಿದ. "ಇದು ಪರದೆಗೆ ಸೇರಿಸೋ ಬಟ್ಟೆ ವಿಷಯಾನಾ?"

"ಬಟ್ಟೆದೂ ಹೌದು. ಬೇರೆ ಕಡೆಯಿಂದ ಕೊಳ್ಳೋದು ಬೇಡ, ನಿಮ್ಮದೇ ಯಾವುದಾದ್ರೂ ಹಳೆ ಅಂಗಿ ಇದ್ರೆ ಅದನ್ನ ಹಾಕಿ."

ಅವರ ಮುಖವೂ ಕೆಂಪೇರಿದ್ದನ್ನು ದರ್ಜಿ ಆಗ ನೋಡಿದ. ನಾಚಿಕೆ ತನ್ನೊಬ್ಬನ ಸ್ವತ್ತಲ್ಲ ಎಂದು ಗೊತ್ತಾಗಿ ಅವನಿಗೆ ಕೊಂಚ ಧೈರ್ಯ ಬಂತು.

"ನನ್ನನ್ನ ನಿಮ್ಮ ಮನೆಗೆ ಸೇರಿಸ್ಕೋಬೇಕಾ," ಎಂದು ಕೇಳಿದ, "ಬೇಡವಾ?"

ಮೇಡಂ ಅವನ ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದುಕೊಂಡರು. ನೀರು ಬಿದ್ದರೂ ಅಳಿಸದ ಹಾಗೆ ಒತ್ತಿ, ಖಾಲಿ ಜಾಗದಲ್ಲಿ "ಕು" ಎಂದು ಬರೆದರು.