ಅರಸರ ಚಹಾ ಒಡೆದ ದಿನ

ಚೈತ್ರ ಶುದ್ಧ ಪಂಚಮಿಯ ಬೆಳಿಗ್ಗೆ ಮೃಣಾಲಪುರದ ಅರಮನೆಯಲ್ಲಿ ಮಹಾರಾಜ ನಭೋದತ್ತರ ಚಹಾ ಒಡೆಯಿತು. ಸುದ್ದಿ ಹೊರಬಿದ್ದ ಕೂಡಲೇ ಕೋಟೆಯ ಬಾಗಿಲುಗಳನ್ನೆಲ್ಲ ಮುಚ್ಚಲಾಯಿತು. ರತ್ನಪಡಿ ಬೀದಿಯ ವರ್ತಕರು ಹರಡಿಕೊಂಡಿದ್ದ ಮುತ್ತುಗಳನ್ನು ಗಂಟು ಕಟ್ಟಿದರು. ಆನೆಲಾಯದ ಮಾವುತರು ಯುದ್ಧವೇ ಇರಬಹುದೆಂದು ಎರಡು ಹೊತ್ತಿನ ಮೇವನ್ನು ಒಮ್ಮೆಗೇ ಸುರಿದರು. ದೇಗುಲದ ಅರ್ಚಕರು, ಯಾವುದಕ್ಕೂ ಇರಲಿ ಎಂದು, ಗಂಟೆ ಬಾರಿಸತೊಡಗಿದರು. ಕೆರೆಯ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು ಮಾತ್ರ ಒಗೆಯುತ್ತಲೇ ಇದ್ದರು. ಅವರಿಗೆ ಯಾರೂ ಹೇಳಿರಲಿಲ್ಲ.

ಬೇರೆ ನಾಡುಗಳಲ್ಲಿ ಹಾಲು ಒಡೆದರೆ ಅಡುಗೆಯವನನ್ನು ಬಯ್ದು ಸುಮ್ಮನಾಗುತ್ತಾರೆ. ಆ ನಾಡಿನ ಚಹಾ ಹಾಗಿರಲಿಲ್ಲ. ಬಿಸಿ ಬಟ್ಟಲಿನ ಮುಂದೆ ಯಾರಾದರೂ ಸುಳ್ಳಾಡಿದರೆ ಅದರೊಳಗಿನ ಹಾಲು ಒಡೆಯುತ್ತಿತ್ತು. ಆದ್ದರಿಂದ ಅಲ್ಲಿನ ನ್ಯಾಯಸ್ಥಾನಗಳಲ್ಲಿ ವಕೀಲರಿರಲಿಲ್ಲ, ಒಲೆಗಳಿದ್ದವು. ಹೆಣ್ಣು ನೋಡಲು ಹೋದವರು ಮಜ್ಜಿಗೆಯನ್ನೇ ಕೇಳಿ ಕುಡಿಯುತ್ತಿದ್ದರು.

ಆ ಬೆಳಿಗ್ಗೆ ಮಹಾರಾಜರು ಬಟ್ಟಲು ಹಿಡಿದು, "ಉತ್ತರದ ಗಡಿ ಕ್ಷೇಮವೇ?" ಎಂದು ಕೇಳಿದ್ದರು. ಮಹಾಮಾತ್ಯ ಭುಜಬಲಯ್ಯನವರು, "ಪ್ರಭುಗಳ ಪುಣ್ಯದಿಂದ ಸರ್ವವೂ ಕ್ಷೇಮ" ಎಂದಿದ್ದರು. ಚಹಾ ಒಡೆಯಿತು. ಮಹಾಮಾತ್ಯರು ಚುರುಕಿನವರು. ಒಡೆದ ಹಾಲು ತಳ ಸೇರುವುದರೊಳಗಾಗಿ, "ಚಹಾಸೊಪ್ಪು ಕೆಟ್ಟಿದೆ! ಭಂಡಾರಿ ಕಲಬೆರಕೆ ಮಾಡಿದ್ದಾನೆ!" ಎಂದು ಕೂಗಿದರು.

ಹೀಗೆ ಚಹಾಭಂಡಾರಿ ಕೊಮ್ಮಣ್ಣ ಮಧ್ಯಾಹ್ನದ ಹೊತ್ತಿಗೆ ತುಂಬಿದ ಆಸ್ಥಾನದ ನಡುವೆ ಬರಿಗಾಲಿನಲ್ಲಿ ನಿಂತಿದ್ದ.

ಚಹಾ ಎಲ್ಲಿಂದ ಬರುತ್ತದೆಂದು ರಾಜಧಾನಿಯಲ್ಲಿ ತಿಳಿದಿದ್ದವನು ಅವನೊಬ್ಬನೇ. ಅದು ಬರುತ್ತಿದ್ದುದು ಅವನು ಹುಟ್ಟಿದ ಮುಗಿಲಕಣಿವೆಯಿಂದ. ಅಲ್ಲಿಯ ಗಿಡಗಳಿಗೆ ನೀರು ಸ್ವಲ್ಪ ಸಾಕು, ನಿಜ ಬಹಳ ಬೇಕು. ಕೊಯ್ಯುವ ಹೆಂಗಸರು ಬೆಳಗಿನಿಂದ ಬೈಗಿನವರೆಗೆ ಗಿಡಗಳ ಮುಂದೆ ನಿಜವನ್ನೇ ಆಡಬೇಕು. ಒಂದು ಸುಳ್ಳು ಬಿದ್ದರೆ ಆ ಸಾಲಿನ ಚಿಗುರೆಲ್ಲ ಕರಕಾಗುತ್ತದೆ. ಇದರಿಂದಾಗಿ ಸೊಪ್ಪು ಸೊಗಸಾಗಿ ಬರುತ್ತಿತ್ತು, ಅತ್ತೆ ಸೊಸೆ ಒಂದೇ ಮನೆಯಲ್ಲಿರುವುದು ಅಪರೂಪವಾಗಿತ್ತು. ಕೊಮ್ಮಣ್ಣನ ತಂಗಿ ಜಕ್ಕವ್ವ ಇಂದಿಗೂ ಅಲ್ಲಿ ಕೊಯ್ಯುತ್ತಿದ್ದಳು.

ಒಲೆಯ ಮೇಲೆ ಚಹಾ ಕುದಿಯಿತು. ಬಟ್ಟಲನ್ನು ಕೊಮ್ಮಣ್ಣನ ಕೈಗಿತ್ತರು.

"ನಿನ್ನ ಹೆಸರೇನು?" ಎಂದರು ಮಹಾಮಾತ್ಯರು.

"ಕೊಮ್ಮಣ್ಣ."

ಚಹಾ ಒಡೆಯಿತು. ಇನ್ನೊಂದು ಬಟ್ಟಲು ಬಂದಿತು.

"ತಂದೆಯ ಹೆಸರು?"

"ಬೂಚಯ್ಯ."

ಅದೂ ಒಡೆಯಿತು. "ಇದಕ್ಕೆ ಇವನ ತಾಯಿಯನ್ನೇ ಕರೆಸಬೇಕಾದೀತು" ಎಂದು ವೃದ್ಧ ಸಭಾಸದ ನಾಗಮಯ್ಯ ಕೆಮ್ಮಿದರು. ಸಭೆ ನಕ್ಕಿತು. ಕೊಮ್ಮಣ್ಣ ನಗಲಿಲ್ಲ. ಹಬೆಯಲ್ಲಿ ಅವನ ಮೂಗಿಗೆ ನಿಂಬೆಯ ಹುಳಿ ಹತ್ತಿತ್ತು.

"ಪ್ರಭು, ಇನ್ನೊಂದು ಹಸುವಿನ ಹಾಲು ತರಿಸಿದರೆ..."

"ಏನೆಂದೆ?" ಭುಜಬಲಯ್ಯ ಗುಡುಗಿದರು. "ಪಟ್ಟಾಭಿಷಿಕ್ತ ಹಸುವಿನ ಹಾಲನ್ನು ಶಂಕಿಸುತ್ತೀಯಾ? ಅದೊಂದು ಬೇರೆಯೇ ರಾಜದ್ರೋಹ!"

ಅದು ನಿಜವಾಗಿತ್ತು. ಅರಮನೆಯ ಹಸುವಿಗೆ ಅರಸನ ಜೊತೆಗೇ ಪಟ್ಟ ಕಟ್ಟುತ್ತಿದ್ದರು; ಅದರ ಹಾಲನ್ನು ಪ್ರಜೆಗಳಲ್ಲಿ ಯಾರೂ ಪ್ರಶ್ನಿಸುವಂತಿರಲಿಲ್ಲ. ಅದರ ಕೊಟ್ಟಿಗೆಯ ಮೇಲ್ವಿಚಾರಣೆ ಮಹಾಮಾತ್ಯರದು. ಮೀಸೆ ಇನ್ನೂ ಸರಿಯಾಗಿ ಮೂಡದ ಮಹಾರಾಜರು ಕೊಮ್ಮಣ್ಣನನ್ನು ನೋಡಿದರು.

"ಸೊಪ್ಪು ಶುದ್ಧವೆನ್ನುವುದಾದರೆ ಅದು ಬೆಳೆಯುವ ಜಾಗವನ್ನು ಹೇಳು. ನನ್ನ ಸವಾರರು ಈಗಲೇ ಹೋಗಿ ಪರೀಕ್ಷಿಸುತ್ತಾರೆ. ಹೇಳದಿದ್ದರೆ ಕಲಬೆರಕೆಗೆ ಶಿರಚ್ಛೇದವೆಂದು ನಿನಗೂ ಗೊತ್ತು" ಎಂದರು ಭುಜಬಲಯ್ಯ.

ಸವಾರರು ಅಂಗಳದಲ್ಲಿ ಸಿದ್ಧರಾಗಿದ್ದರು. ಪರೀಕ್ಷೆಗೆ ಹೊರಟ ಅವರ ಕೈಗಳಲ್ಲಿ ನಡುಹಗಲಿನಲ್ಲೂ ಪಂಜುಗಳಿದ್ದವು. ಕೊಮ್ಮಣ್ಣ ಅವನ್ನು ಕಂಬಗಳ ನಡುವಿನಿಂದ ಕಂಡ. ಬಾಯಿ ಬಿಟ್ಟರೆ ಕಣಿವೆ ಉರಿಯುತ್ತದೆ, ಆಮೇಲೆ ಈ ನಾಡಿನಲ್ಲಿ ಯಾರು ಏನು ಹೇಳಿದರೂ ಯಾವ ಹಾಲೂ ಒಡೆಯುವುದಿಲ್ಲ. ಬಾಯಿ ಬಿಡದಿದ್ದರೆ ತಲೆ ಉರುಳುತ್ತದೆ. ಮಹಾಮಾತ್ಯರು ಆರಿಸುವ ಹೊಸ ಭಂಡಾರಿ ಎಂದಾದರೊಂದು ದಿನ ಕಣಿವೆಯನ್ನು ಹುಡುಕಿಯೇ ಹುಡುಕುತ್ತಾನೆ.

ಕೈಯಲ್ಲಿದ್ದ ಬಟ್ಟಲನ್ನು ನೋಡಿದ. ಒಡೆದ ಹಾಲು. ನಿಜ ಹೇಳಿದರೂ ಒಡೆಯುವ ಹಾಲಿಗೆ ಸುಳ್ಳು ತಿಳಿಯುವುದು ಹೇಗೆ? ಹುಟ್ಟಿದಂದಿನಿಂದ ಅವನು ಒಂದೂ ಸುಳ್ಳಾಡಿದವನಲ್ಲ.

"ಹೇಳುತ್ತೇನೆ ಪ್ರಭು. ಚಹಾ ಬೆಳೆಯುವುದು ಮಹಾಮಾತ್ಯರ ಜಹಗೀರಿನ ಚಂದನವನದಲ್ಲಿ, ಮರಗಳ ನೆರಳಿನಲ್ಲಿ."

ಚಹಾ ಬೆಳೆಯುವ ನೆಲವೆಲ್ಲ ಸಿಂಹಾಸನದ್ದೆಂಬುದು ಆ ನಾಡಿನ ಹಳೆಯ ಶಾಸನ.

"ಹಾಗಾದರೆ," ಎಂದರು ಮಹಾರಾಜರು ನಿಧಾನವಾಗಿ, "ಚಂದನವನ ಈ ಕ್ಷಣದಿಂದ ನಮ್ಮದಾಯಿತು."

"ಸುಳ್ಳು! ಹಸಿ ಸುಳ್ಳು!" ಭುಜಬಲಯ್ಯ ಪೀಠದಿಂದ ಎದ್ದೇಬಿಟ್ಟರು. "ಬೇರೆ ಹಾಲು ತರಿಸಿ! ಅದರ ಮುಂದೆ ಇವನು ಇದೇ ಮಾತು ಹೇಳಲಿ, ನೋಡಿಯೇಬಿಡೋಣ!"

ಆಡಿದ ಮೇಲೆ ಅವರಿಗೆ ಅದು ಕೇಳಿಸಿತು. ಸಭೆಗೆ ಮೊದಲೇ ಕೇಳಿಸಿತ್ತು.

"ಬೇರೆ ಹಾಲೇಕೆ, ಮಹಾಮಾತ್ಯರೇ?" ಎಂದರು ಮಹಾರಾಜರು. "ಪಟ್ಟದ ಹಸುವಿಗೆ ಏನಾಗಿದೆ? ಸೊಪ್ಪೇ ಕೆಟ್ಟಿದೆಯೆಂದಿರಲ್ಲ, ಕೆಟ್ಟ ಸೊಪ್ಪು ಇವನ ಸುಳ್ಳನ್ನು ಹಿಡಿಯುವುದು ಹೇಗೆ?"

"ಮಹಾಮಾತ್ಯರೇ ಬಾಯಿಬಿಟ್ಟು ಕೇಳಿದ ಮೇಲೆ ತರಿಸದಿದ್ದರೆ ಚೆನ್ನಾಗಿರುವುದಿಲ್ಲ, ಪ್ರಭು" ಎಂದರು ನಾಗಮಯ್ಯ.

ಬೀದಿಯಿಂದ ಯಾರದೋ ಮೇಕೆಯ ಹಾಲು ಬಂದಿತು. ಹೊಸ ಚಹಾ ಕುದಿಯಿತು. ಈ ಸಲ ಬಟ್ಟಲನ್ನು ಮಹಾರಾಜರೇ ಹಿಡಿದು ಮೆಟ್ಟಿಲಿಳಿದು ಮಹಾಮಾತ್ಯರ ಮುಂದೆ ನಿಂತರು.

"ಉತ್ತರದ ಗಡಿ ಕ್ಷೇಮವೇ?"

ಭುಜಬಲಯ್ಯ ಹಬೆಯನ್ನೇ ನೋಡಿದರು. ಹಣೆಯ ಗಂಧ ಬೆವರಿನಲ್ಲಿ ಇಳಿಯತೊಡಗಿತು.

"ನನಗೆ... ಗಂಟಲು ಕಟ್ಟಿದೆ, ಪ್ರಭು."

ಚಹಾ ಒಡೆಯಿತು.

ಕಾವಲಿನವರು ಅವರನ್ನು ಕರೆದೊಯ್ದ ಮೇಲೆ ಕೊನೆಯ ಬಟ್ಟಲು ಕೊಮ್ಮಣ್ಣನ ಕೈ ಸೇರಿತು. ಮಹಾರಾಜರು ದನಿ ತಗ್ಗಿಸಿ ಹೇಳಿದರು: "ಚಂದನವನದ ಮಾತು ನಿಜವೇ ಎಂದು ಕೇಳುವುದು ನಮ್ಮ ಧರ್ಮ. ನೀನು ಸುಮ್ಮನಿದ್ದರೆ ಇಲ್ಲಿಗೇ ಮುಗಿಯಿತು."

ಅರಸರ ಚಹಾದ ಮುಂದೆ ಸುಳ್ಳಾಡಿದವನನ್ನು ರಾಜಧಾನಿಯಿಂದ ಹೊರಹಾಕಬೇಕು, ಕ್ಷಮಿಸುವ ಅಧಿಕಾರ ಅರಸರಿಗೂ ಇಲ್ಲ. ಆದರೆ ಅವನು ಸುಮ್ಮನಿದ್ದರೆ ಆ ಸುಳ್ಳು ಶಾಸನವಾಗಿ ಕಲ್ಲಿಗೇರುತ್ತಿತ್ತು.

"ಇಲ್ಲ ಪ್ರಭು. ಸುಳ್ಳಾಡಿದೆ."

ಚಹಾ ಕೆಂಪಗೆ, ನಯವಾಗಿ, ಹಾಗೇ ಉಳಿಯಿತು.

"ಎಲ್ಲಿ ಬೆಳೆಯುತ್ತದೆಂದು ನಾವು ಕೇಳುವುದಿಲ್ಲ" ಎಂದು ಹೇಳಿ ಮಹಾರಾಜರು ಅದನ್ನು ಅವನ ಕೈಯಿಂದ ತೆಗೆದುಕೊಂಡು ಕುಡಿದರು.

ಕೊಮ್ಮಣ್ಣ ಕಣಿವೆಗೆ ನಡೆದುಹೋದ. ಜಕ್ಕವ್ವ ಬೇಲಿಯ ಬಳಿಯೇ ಅವನನ್ನು ತಡೆದು ನಿಲ್ಲಿಸಿದಳು.

"ಸುಳ್ಳಾಡಿದೆಯಂತೆ, ಅಣ್ಣಾ?"

"ಆಡಿದೆ. ನಿಮ್ಮ ಸಲುವಾಗಿ."

"ಅದು ನಿಜವೇ ಇರಬೇಕು, ನಿನ್ನ ಮುಖ ನೋಡಿದರೆ ಗೊತ್ತಾಗುತ್ತದೆ. ಆದರೂ ಸುಳ್ಳಾಡಿದವನನ್ನು ಒಳಗೆ ಬಿಡುವ ಹಾಗಿಲ್ಲ. ಬಿಡಬೇಕೆಂದು ಆಸೆಯಿದೆ." ಅವಳು ಅಳುತ್ತಿದ್ದಳು. ಪಕ್ಕದ ಗಿಡದ ಚಿಗುರು ಬಾಡಲಿಲ್ಲ.

ಭುಜಬಲಯ್ಯನವರು ಶತ್ರುವಿಗೆ ಬಿಟ್ಟುಕೊಟ್ಟಿದ್ದ ಉತ್ತರದ ಕೋಟೆ ವೈಶಾಖದಲ್ಲಿ ಮರಳಿ ವಶವಾಯಿತು. ಅವರು ಸೆರೆಮನೆಯಲ್ಲಿ ತೀರಿಕೊಂಡರು. ಹೊಸ ಭಂಡಾರಿಯನ್ನು ಕಣಿವೆಯವರೇ ಆರಿಸಿ ಕಳಿಸಿದರು. ಕೊಮ್ಮಣ್ಣ ಬೇಲಿಯ ಹೊರಗೆ ಗುಡಿಸಲು ಹಾಕಿಕೊಂಡು ಹುರುಳಿ ಬೆಳೆದ.