ಕಣ್ಣು ಮುಚ್ಚಿದರೆ ಕಾಣದವನು

"ಕಣ್ಣು ಮುಚ್ಚಿದ್ರೆ ಸಾಕು, ನೀನೇ ಕಾಣ್ತೀಯ. ನಿನಗೆ ನಾನು ಕಾಣ್ತೀನಾ?"

ಆಸ್ಪತ್ರೆಯ ಹೊಸ ಬೋರ್ಡು ಬರೆದು ಮುಗಿಸಿದ ಪೇಂಟರ್ ಮೆಟ್ಟಿಲ ಮೇಲೆ ಕೂತು ಓರೆನೋಟದಲ್ಲಿ ಹೀಗೆ ಕೇಳಿದಾಗ, ಅಲ್ಲಿಯ ಟೆಲಿಫೋನ್ ಆಪರೇಟರ್ ನಾಚಿ ತಲೆ ತಗ್ಗಿಸಬಹುದಿತ್ತು. ಅವಳು ಹಾಗೆ ಮಾಡಲಿಲ್ಲ. ಕೇಳಿದ್ದಕ್ಕೆ ನಿಜ ಹೇಳಬೇಕೆಂದು ಕಣ್ಣು ಮುಚ್ಚಿದಳು. ಕತ್ತಲೆ. ರೆಪ್ಪೆ ಇನ್ನಷ್ಟು ಬಿಗಿದಳು. ಬರೀ ಕತ್ತಲೆ.

"ಏನೂ ಕಾಣಲ್ಲ," ಅಂದಳು.

"ತಮಾಷೆ ಬೇಡ ಕಣೇ. ಹಡಗುಕಟ್ಟೆಯಲ್ಲಿ ಕೆಲಸ ಸಿಕ್ಕಿದೆ, ಎರಡು ವರ್ಷ ಬರೋಕಾಗಲ್ಲ. ಕಾಯ್ತೀಯಾ ಅಂತ ಕೇಳೋಣ ಅಂದ್ಕೊಂಡೆ."

"ತಮಾಷೆ ಅಲ್ಲ. ನಿನ್ನ ಮುಖ ಬರ್ತಾನೇ ಇಲ್ಲ."

ಅವಳನ್ನೇ ತುಂಬಿಕೊಂಡಿದ್ದ ಅವನ ನೋಟ ಮೆಲ್ಲಗೆ ಜಾರಿ, ತನ್ನ ಬೆರಳಿಗೆ ಅಂಟಿದ್ದ ನೀಲಿ ಬಣ್ಣದ ಮೇಲೆ ನಿಂತಿತು.

"ಹಾಗಾದ್ರೆ ಬಿಡು," ಎಂದು ಡಬ್ಬಗಳನ್ನು ಎತ್ತಿಕೊಂಡು ಹೋದ.

ಅಂದಿನಿಂದ ಅವಳಿಗೆ ಊಟ ಸೇರಲಿಲ್ಲ. ಮೊಬೈಲಿನಲ್ಲಿ ಅವನ ಫೋಟೋ ನೋಡುವಳು, ಕಣ್ಣು ಮುಚ್ಚುವಳು. ರೆಪ್ಪೆ ಕೂಡಿದ್ದೇ ತಡ, ಅವನು ಮಾಯ. ಪ್ರೀತಿಯಿಲ್ಲದಿದ್ದರೆ ಈ ಒದ್ದಾಟ ಯಾಕೆ? ಇದ್ದರೆ ಮುಖವೇಕೆ ಬರುವುದಿಲ್ಲ? ಅವನು ಫೋನ್ ಮಾಡಿದಾಗಲೂ ಎತ್ತಲಿಲ್ಲ. ಎತ್ತಿ ಏನು ಹೇಳುವುದು? ತನ್ನದು ಕಲ್ಲೆದೆ ಎಂದೇ ನಂಬಿ ಕೈಚೆಲ್ಲಿದಳು.

ಅವನು ಹೊರಡುವ ದಿನ ಅಕ್ಕ ಬಟ್ಟೆ ಇಸ್ತ್ರಿ ಮಾಡುತ್ತಾ ಅಂದಳು, "ಇವತ್ತು ಯಾಕೋ ಅಮ್ಮ ಕಣ್ಣಿಗೆ ಕಟ್ಟಿದ ಹಾಗಿದ್ದಾಳೆ. ಆ ಹಳದಿ ಸೀರೆ, ಹಣೆ ಮೇಲಿನ ಬೆವರು..."

"ಕಣ್ಣಿಗೆ ಕಟ್ಟೋದು ಅಂತ ಸುಮ್ನೆ ಮಾತಿಗೆ ಹೇಳೋದಲ್ವಾ ಅಕ್ಕ?"

"ಮಾತಿಗಾ? ಇಲ್ಲೇ ನಿಂತ ಹಾಗೆ ಕಾಣ್ತಾಳೆ. ನಿನಗೆ ಕಾಣಲ್ವಾ?"

"ಯಾವತ್ತೂ ಕಂಡಿಲ್ಲ."

"ಹಾಗಾದ್ರೆ ಅಮ್ಮನ್ನ ಮರೆತೇಬಿಟ್ಟಿದ್ದೀಯಾ?"

"ಮರೆಯೋದಾ? ಅವಳ ಕೆಮ್ಮು ಕೇಳುತ್ತೆ. ಚಪ್ಪಲಿ ಎಳೀತಾ ಬರೋದು, ಬೈಯೋಕೆ ಮುಂಚೆ ಉಸಿರು ಎಳ್ಕೊಳ್ಳೋದು, ಎಲ್ಲ ಕೇಳುತ್ತೆ."

ಅಕ್ಕ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟಳು. "ನನಗೆ ಅದ್ಯಾವುದೂ ಕೇಳಲ್ಲ ಕಣೇ. ಅಮ್ಮ ತೀರಿಕೊಂಡ ಮೇಲೆ ಅವಳ ದನಿ ನನ್ನ ನೆನಪಿಂದ ಹೋಗಿ ಎಷ್ಟು ಕಾಲ ಆಯ್ತೋ."

ತಂಗಿ ಚಪ್ಪಲಿಯನ್ನೂ ಮೆಟ್ಟದೆ ಓಡಿದಳು. ಬಸ್‌ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಜೀವ ಬಾಯಿಗೆ ಬಂದಿತ್ತು. ಬಸ್ಸು ಗುರುಗುಡುತ್ತಿತ್ತು; ಕಿಟಕಿಯಲ್ಲಿ ಅವನಿದ್ದ.

"ನನಗೆ ಮನಸ್ಸಲ್ಲಿ ಯಾರ ಮುಖಾನೂ ಬರಲ್ಲ," ಏದುಸಿರು ಬಿಡುತ್ತಾ ಹೇಳಿದಳು. "ಅಮ್ಮಂದೂ ಬರಲ್ಲ. ನಾನು ಯೋಚಿಸೋದೇ ಕಿವಿಯಿಂದ. ಎಲ್ಲರೂ ನನ್ನ ಹಾಗೇ ಅಂದ್ಕೊಂಡಿದ್ದೆ. ಇವತ್ತು ಗೊತ್ತಾಯ್ತು."

ಅವನು ಕಿಟಕಿಯ ಸರಳು ಹಿಡಿದು ಬಾಗಿದ. "ಹಾಗಾದ್ರೆ ನಾನು ಎಲ್ಲಿದ್ದೀನಿ?"

"ಬ್ರಶ್ಶನ್ನ ಡಬ್ಬಕ್ಕೆ ತಟ್ತೀಯಲ್ಲ, ಆ ಸದ್ದು. ನನ್ನ ಕರೆಯೋಕೆ ಮುಂಚೆ ಗಂಟಲು ಸರಿ ಮಾಡ್ಕೊಳ್ತೀಯಲ್ಲ, ಅದು. ದಿನವೆಲ್ಲ ಕೇಳುತ್ತೆ. ಕಿವಿ ಮುಚ್ಕೊಂಡ್ರೂ ನಿಲ್ಲಲ್ಲ. ಕಾಯ್ತೀನಿ ಕಣೋ, ಎಷ್ಟು ವರ್ಷ ಆದ್ರೂ."

ಬಸ್ಸು ಹೊರಟಿತು. ಸರಳಿನ ಮೇಲಿದ್ದ ಅವನ ಬೆರಳು ಹಿಡಿದು ಅವಳು ಜೊತೆಗೇ ಓಡಿದಳು.

"ನನ್ನ ಮುಖ?" ಅವನ ಕಣ್ಣು ತುಂಬಿತ್ತು.

"ಮರೆತಿರ್ತೀನಿ. ಬಂದು ತೋರಿಸು."

ಬೆರಳು ಕೈತಪ್ಪಿತು. ಹೊಗೆ, ಧೂಳು ಮುಖಕ್ಕೆ ರಾಚಿದರೂ, ಬಸ್ಸು ತಿರುವು ದಾಟುವವರೆಗೆ ಅವಳು ರೆಪ್ಪೆ ಮಿಟುಕಿಸಲಿಲ್ಲ.